ಕಾಸಿದವರು ಹಚ್ಚಿ ನೋಡಬಾರದು

ಜುಲೈ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಾನು ಗಟ್ಟಿಮುಟ್ಟಾಗಿದ್ದೇನೆ. ನಮ್ಮ ಯಜಮಾನರು ಬೆಳಿಗ್ಗೆಯಿಂದ ಗೊಣಗುತ್ತಿದ್ದಾರೆ, ಅಂದರೆ ಅವರ ಆರೋಗ್ಯವೂ ಚೆನ್ನಾಗಿದೆ. ನೀನು, ಮಗಳು, ಅಳಿಯ, ಮುದ್ದು ಮೊಮ್ಮಗಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ.

ಉತ್ತರ ಬರೆಯುವುದು ತಡವಾಯಿತು, ಬೈದುಕೊಳ್ಳಬೇಡ. ಪೆನ್ನು ಸಿಕ್ಕಾಗ ಕೈಯೆಲ್ಲ ಎಣ್ಣೆ, ಕೈ ತೊಳೆದು ಕೂತಾಗ ಪೆನ್ನು ಮಾಯ. ಇದೆಲ್ಲ ನೆಪ ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣಿಸುತ್ತದೆ. ಸರಿ, ನಿಜ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಬಂದಿತ್ತು. ಮೊಮ್ಮಗಳನ್ನು ನೋಡಿಕೊಂಡು ನಾಲ್ಕು ದಿನದಲ್ಲಿ ಬರುತ್ತೇನೆ ಎಂದು ಹೋದವಳು, "ನಾನಿನ್ನು ವಾಪಸ್ ಬರೋದಿಲ್ಲ ಕಣೇ, ಮುಲಾಮು ಹಚ್ಚಿ ನೋಡೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ" ಎಂದು ಬರೆದೆಯಲ್ಲ, ಆ ಸಾಲು ಓದಿ ಕಾಗದವನ್ನು ಸಕ್ಕರೆ ಡಬ್ಬಿಯ ಹಿಂದೆ ತುರುಕಿಟ್ಟೆ. ಸಕ್ಕರೆ ತೆಗೆಯುವಾಗಲೆಲ್ಲ ಕೈಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಕೊನೆಗೆ ಯಜಮಾನರೇ, "ಅದಕ್ಕೆ ಉತ್ತರ ಬರಿ, ಇಲ್ಲ ಅಂದ್ರೆ ಸಕ್ಕರೆ ಡಬ್ಬಿ ಬೇರೆ ಕಡೆ ಇಡು, ನನ್ನ ಕಾಫಿಗೆ ಯಾಕೆ ಕಲ್ಲು ಹಾಕ್ತೀಯ" ಎಂದರು.

ನಮ್ಮ ಕೆಲಸಕ್ಕೆ ಕಟ್ಟಳೆ ಮಾಡಿದವಳು ನೀನೇ, ನೆನಪಿದೆಯಾ? ಮೊದಲ ಸಲ ಈ ಒಲೆಯ ಮೇಲೆ ಒಂದೆಲಗದ ಎಣ್ಣೆ ಕಾಸಿ, ಜೇನುಮೇಣ ಕರಗಿಸಿ, ಡಬ್ಬಿಗೆ ತುಂಬಿ, ನನ್ನ ಕೈಗೇ ಹಚ್ಚಿಕೊಂಡು "ಆಹಾ" ಎಂದೆ. ನೀನು ಡಬ್ಬಿ ಕಿತ್ತುಕೊಂಡೆ. "ಕಾಸಿದವರು ಹಚ್ಚಿ ನೋಡಬಾರ್ದು ಕಣೇ. ತಾನು ಮಾಡಿದ್ದು ತನಗೆ ಚೆನ್ನಾಗೇ ಕಾಣುತ್ತೆ. ಕೊಡು ಇಲ್ಲಿ" ಎಂದು ಎಡಗೈ ಚಾಚಿದೆ. ಅಂದಿನಿಂದ ನಾನು ಕಾಸುವವಳು, ನೀನು ನೋಡುವವಳು. ಸಂಜೆ ನಿನ್ನ ಮೊಣಕೈಯ ಒಳಮಡಿಕೆಗೆ ಒಂದು ಬೊಟ್ಟು. ಬೆಳಿಗ್ಗೆ ನೀನು ನಮ್ಮ ಕಿಟಕಿಯ ಹತ್ತಿರ ಬಂದು ಕೂರುತ್ತಲೇ ನಾನು ಓಡಿ ಬಂದು ತೋಳು ಹಿಡಿದು ಬೆಳಕಿಗೆ ತಿರುಗಿಸುವುದು. "ಹೇಗಿದೆ?" "ಬೆಣ್ಣೆ ಇದ್ದ ಹಾಗಿದೆ." ಇಷ್ಟು ಮಾತಾದ ಮೇಲೆಯೇ ಡಬ್ಬಿಗಳು ಹೊಸಿಲು ದಾಟುತ್ತಿದ್ದವು. ನಮ್ಮ ಗುಬ್ಬಿಯದು ಎಳೆಮಗುವಿನ ಚರ್ಮ, ಅವಳಿಗೆ ಒಗ್ಗಿದ್ದು ಊರಿಗೆಲ್ಲ ಒಗ್ಗುತ್ತದೆ ಎಂದು ನಾನು ಕಂಡಕಂಡವರ ಮುಂದೆ ಜಂಬ ಕೊಚ್ಚುತ್ತಿದ್ದೆ. ಈಗಲೂ ಕೊಚ್ಚುತ್ತೇನೆ. ಕೊನೆಕೊನೆಗೆ ನಿನಗದೇನು ಶೋಕಿ ಹತ್ತಿತೋ, ಸುಡುವ ಸೆಕೆಯಲ್ಲೂ ಮಣಿಕಟ್ಟು ಮುಚ್ಚುವ ಉದ್ದ ತೋಳು. ತೋರಿಸೇ ಎಂದರೆ, "ನಾನೇ ನೋಡಿದೆ ಬಿಡೇ, ಬೆಣ್ಣೆ" ಎನ್ನುತ್ತಿದ್ದೆ. ಮಹಾರಾಣಿಯವರು ತೋಳು ತೋರಿಸುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಇರಲಿ, ನೀನು ಹುಡುಕು ಎಂದೆಯಲ್ಲ, ಹುಡುಕಿದೆ. ಆ ಕಥೆ ಕೇಳು.

ಮೊದಲು ಮನೆಯಲ್ಲಿರುವ ಗಂಡಸನ್ನೇ ಹಿಡಿದೆ. ಗಡಿಯಾರ ರಿಪೇರಿ ಮಾಡುವವರ ಕೈಗೆ ಮುಲಾಮು ಹಚ್ಚಬಾರದು ಎಂಬ ಬುದ್ಧಿ ನನಗಿರಬೇಕಿತ್ತು. ಮೊಣಕೈಗೆ ಹಚ್ಚಿದ್ದು ಅದು ಹೇಗೋ ಬೆರಳಿಗೆ ಬಂದು, ಬೆರಳಿನಿಂದ ಚಿಮಟಕ್ಕೆ ಬಂದು, ಯಾರದೋ ಕೈಗಡಿಯಾರದ ಸಾಸಿವೆಗಿಂತ ಸಣ್ಣ ತಿರುಪು ಜಾರಿ ನೆಲಕ್ಕೆ ಹಾರಿತು. ಇಬ್ಬರೂ ಮಂಡಿಯೂರಿ ಇಡೀ ಮುಂಗೋಣೆ ಸವರಿದೆವು. ಸಿಕ್ಕಿದ್ದು ನನ್ನ ಹಳೆಯ ಓಲೆ. ಅಷ್ಟಾದ ಮೇಲೆ "ಮುಲಾಮು ಹೇಗಿದೆ" ಎಂದು ಕೇಳಿದರೆ, "ಪರವಾಗಿಲ್ಲ." ಉಪ್ಪಿಲ್ಲದ ಸಾರಿಗೂ ಅವರದು ಪರವಾಗಿಲ್ಲ, ನನ್ನ ಹೊಸ ಸೀರೆಗೂ ಪರವಾಗಿಲ್ಲ. ಇಂಥವರ ಮಾತು ನೆಚ್ಚಿಕೊಂಡು ಯಾವ ಮಗುವಿನ ಮೈಗೆ ಹಚ್ಚಲಿ?

ಅವರದು ಇನ್ನೊಂದು ಘನಕಾರ್ಯವಿದೆ. ಬಿಸಿ ಮುಲಾಮನ್ನು ಡಬ್ಬಿಗಳಿಗೆ ಹುಯ್ದು, ಆರಲಿ ಎಂದು ಮೇಜಿನ ಮೇಲೆ ಸಾಲಾಗಿ ಇಟ್ಟು ಸ್ನಾನಕ್ಕೆ ಹೋಗಿದ್ದೆ. ತೆರೆದಿಟ್ಟ ಯಂತ್ರದೊಳಗೆ ಧೂಳು ಬೀಳುತ್ತದೆಂದು ಜೀವನವಿಡೀ ಮುಚ್ಚಿ ಮುಚ್ಚಿ ಅಭ್ಯಾಸವಾದ ಮನುಷ್ಯ! ನಾನು ಬರುವಷ್ಟರಲ್ಲಿ ಒಂದೊಂದಕ್ಕೂ ಮುಚ್ಚಳ ಬಿಗಿದು, "ಧೂಳು ಬೀಳುತ್ತೆ ಅಂತ ಮುಚ್ಚಿದೆ, ಥ್ಯಾಂಕ್ಸ್ ಹೇಳೋದು ಬೇಡ" ಎಂದರು. ಹಬೆಯೆಲ್ಲ ಮುಚ್ಚಳದ ಒಳಗೆ ನೀರಾಗಿ ಮುಲಾಮಿನ ಮೇಲೇ ತೊಟ್ಟಿಕ್ಕಿ, ಕೆಲವು ದಿನಕ್ಕೆ ಡಬ್ಬಿಗಳಿಗೆಲ್ಲ ಹಸಿರು ಮೀಸೆ ಬಂತು. ನೆರಳಿನಲ್ಲಿ ಕರಕರ ಎನ್ನುವಷ್ಟು ಒಣಗಿಸಿದ ಎಲೆ, ಜೋಪಾನವಾಗಿ ಸೋಸಿದ ಎಣ್ಣೆ, ಎಲ್ಲ ಚರಂಡಿಗೆ. ಬೈಯಬೇಕೆಂದು ಬಾಯಿ ತೆರೆದೆ. ಅವರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ತಲೆಯೆತ್ತಿ ನೋಡಿದರು. ಒಂದು ಕಣ್ಣು ನಿಂಬೆಹಣ್ಣಿನಷ್ಟಿತ್ತು. ನಗು ಬಂದುಬಿಟ್ಟಿತು. ಈಗ ಡಬ್ಬಿ ಆರುವವರೆಗೆ ಅವರಿಗೆ ಅಡುಗೆಮನೆ ಪ್ರವೇಶವಿಲ್ಲ.

ಆಮೇಲೆ ಎದುರುಮನೆಯ ಬ್ಯಾಂಕ್ ಕ್ಯಾಷಿಯರ್ ಹತ್ತಿರ ಹೋದೆ. ಇಡೀ ದಿನ ನೋಟು ಎಣಿಸಿ ಅವಳ ಬೆರಳು ಒಣಗಿರುತ್ತವೆ, ಹಚ್ಚಿಕೊಂಡರೆ ಅವಳಿಗೂ ಒಳ್ಳೆಯದು ಎಂದುಕೊಂಡೆ. ನಾನಿನ್ನೂ ಮುಚ್ಚಳ ತಿರುಗಿಸುತ್ತಿದ್ದೆ, ಅವಳು ಆಗಲೇ ಕೆರೆದುಕೊಳ್ಳುತ್ತಿದ್ದಳು. "ಯಾಕೋ ತುರಿಸ್ತಿದೆ ಆಂಟಿ."

"ಇನ್ನೂ ಹಚ್ಚೇ ಇಲ್ವಲ್ಲೇ!"

"ವಾಸನೆಗೇ ತುರಿಸುತ್ತೆ ನನಗೆ."

ಒಬ್ಬರು ಏನು ಹಚ್ಚಿದರೂ ಪರವಾಗಿಲ್ಲ, ಇನ್ನೊಬ್ಬಳು ಹಚ್ಚುವ ಮೊದಲೇ ತುರಿಕೆ. ಇವರಿಬ್ಬರ ನಡುವೆ ಸಿಕ್ಕಿಕೊಂಡು ನಿನ್ನನ್ನು ಅದೆಷ್ಟು ನೆನೆಸಿಕೊಂಡೆನೋ. ನೀನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ.

ಕೊನೆಗೆ ನಿನ್ನ ಕಟ್ಟಳೆಯನ್ನು ಮುರಿದೆ. ಮುಖ ಊದಿಸಬೇಡ, ಪೂರ್ತಿ ಕೇಳು. ಈಜುಕೊಳದ ಟೀಚರ್ ಗೊತ್ತಲ್ಲ, ದಿನವೂ ಮದ್ದು ಹಾಕಿದ ನೀರಿನಲ್ಲಿ ನಿಂತು ನಿಂತು ಕಾಲಿನ ಚರ್ಮವೆಲ್ಲ ಬಿರುಕು ಬಿಟ್ಟವಳು, ಅವಳು ತಂಪಾಗಿರುವುದೇನಾದರೂ ಬೇಕು ಎಂದಳು. ಈ ಸಲ ಪುದೀನ ಸತ್ವವನ್ನೂ ಹಾಕಿದೆ. ಕಾಸಿದವಳೂ ನಾನೇ, ಹಚ್ಚಿ ನೋಡಿದವಳೂ ನಾನೇ. ನನ್ನ ಕೈಗೆ ಏನೂ ಆಗಲಿಲ್ಲ. ಎಂದಿನಂತೆ ನನ್ನ ಮಾಲು ನನಗೆ ಬಹಳ ಚೆನ್ನಾಗಿ ಕಂಡಿತು. ಟೀಚರ್ ಸಂಜೆ ಒಯ್ದವಳು ಮರುದಿನ ಬೆಳಿಗ್ಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಂದಳು. ಪಾದವೆರಡೂ ಕೆಂಪಗೆ ಊದಿದ್ದವು. "ತಂಪು ಕೇಳಿದ್ದು ಆಂಟಿ, ಬೆಂಕಿ ಅಲ್ಲ" ಎಂದಳು ಪಾಪ, ಅಳುವ ಹಾಗಿದ್ದರೂ ನಕ್ಕಳು. ಬರಿಯ ಎಣ್ಣೆಯಲ್ಲಿ ಒರೆಸಿ, ತಣ್ಣೀರು ಬಟ್ಟೆ ಸುತ್ತಿ, ಅವಳನ್ನು ನಮ್ಮ ಸೋಫಾ ಮೇಲೆ ಕೂರಿಸಿದೆ. ಎರಡು ದಿನ ಕೊಳಕ್ಕೆ ರಜೆ. ಆ ಸಲ ಮಾಡಿದ ಡಬ್ಬಿಗಳನ್ನು ಒಯ್ದವರ ಮನೆಮನೆಗೆ ಹೋಗಿ ವಾಪಸ್ ತಂದೆ. ನಾಚಿಕೆಯೇನೂ ಆಗಲಿಲ್ಲ. ತಪ್ಪಿದ್ದನ್ನು ತಿರುಗಿ ತರದಿದ್ದರೆ ನಾಚಿಕೆಪಡಬೇಕಿತ್ತು.

ಆಮೇಲೆ ಕೂತು ನನ್ನ ಕೈಯನ್ನೇ ನೋಡಿಕೊಂಡೆ. ಇಷ್ಟು ಕಾಲ ಬಿಸಿ ಎಣ್ಣೆ ಸಿಡಿದು, ಬಿಸಿ ಪಾತ್ರೆ ಇಳಿಸಿ, ಇದು ಚರ್ಮವಾಗಿ ಉಳಿದಿಲ್ಲ ಕಣೇ, ಚಪ್ಪಲಿಯ ಅಟ್ಟೆಯಾಗಿದೆ. ಇದಕ್ಕೆ ಮೆಣಸಿನಪುಡಿ ಹಚ್ಚಿದರೂ ಗೊತ್ತಾಗುವುದಿಲ್ಲ. ಒಬ್ಬಳೇ ಕೂತು ನಕ್ಕೆ.

ಈಗ ಒಳ್ಳೆಯ ಸುದ್ದಿ. ಮೂಲೆಯ ಔಷಧಿ ಅಂಗಡಿಯಾತ ನಮ್ಮ ಡಬ್ಬಿಗಳನ್ನು ತನ್ನ ಅಂಗಡಿಯಲ್ಲಿ ಇಡುತ್ತಾನಂತೆ! ಹಿಂದಿನ ಕಪಾಟಿನಲ್ಲಲ್ಲ, ಮುಂದಿನ ಗಾಜಿನ ಸಾಲಿನಲ್ಲಿ, ಕಣ್ಣಿಗೆ ಕಾಣುವ ಹಾಗೆ. ನಾವಿಬ್ಬರೂ ಆ ಗಾಜಿನ ಮುಂದೆ ನಿಂತು, "ಇಲ್ಲಿ ನಮ್ಮದೂ ಇದ್ದಿದ್ರೆ" ಎಂದು ಎಷ್ಟು ಸಲ ಆಸೆಪಟ್ಟಿಲ್ಲ? ಆದರೆ ಅವನದೊಂದು ಷರತ್ತು. "ಆ ಸಣ್ಣಮ್ಮ ಹಚ್ಚಿ ನೋಡಿ ಹೂಂ ಅಂದ್ರೆ ಮಾತ್ರ ಇಡ್ತೀನಿ. ನೀವು ಹೂಂ ಅಂದ್ರೆ ಆಗಲ್ಲ ಮೇಡಂ, ಟೀಚರ್ ಕಾಲು ನಾನೂ ನೋಡಿದೀನಿ" ಎಂದ. ನನಗೆ ಕೋಪ ಬರಬೇಕಿತ್ತು, ಖುಷಿಯಾಯಿತು. ನಿನ್ನ ಎಡಗೈಗೆ ಊರಲ್ಲಿ ಎಷ್ಟು ಬೆಲೆ ನೋಡು!

ಲೇಬಲ್ಲಿನ ವಿಷಯಕ್ಕೂ ಅವನಿಗೂ ನನಗೂ ಜಟಾಪಟಿಯಾಯಿತು. "ಮೊದಲು ಸ್ವಲ್ಪ ಹಚ್ಚಿ ನೋಡಿ, ಉರಿ ತುರಿಕೆ ಬಂದರೆ ಬಿಟ್ಟುಬಿಡಿ" ಎಂದು ಬರೆಸಬೇಕೆಂದೆ. "ತಮ್ಮ ಮಾಲಿನ ಮೇಲೆ ತಾವೇ ಹಾಗೆ ಯಾರಾದ್ರೂ ಬರ್ಕೋತಾರಾ?" ಎಂದು ಅವನು ತಲೆ ಚಚ್ಚಿಕೊಂಡ. ನಾನು ಬರೆದುಕೊಳ್ಳುತ್ತೇನೆ ಎಂದೆ. ನನ್ನ ಹತ್ತಿರ ವಾದ ಮಾಡಿ ಗೆದ್ದವರು ಯಾರಿದ್ದಾರೆ? ನೀನು ನನಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟದ್ದು ಸುಮ್ಮನೆಯೇ?

ಹೀಗೆಲ್ಲ ಯೋಚಿಸಿ ನಾನೊಂದು ಉಪಾಯ ಕಂಡುಹಿಡಿದಿದ್ದೇನೆ. ನೀನು ಬರುವುದಿಲ್ಲವಾದರೆ ಬೇಡ, ಮೊಮ್ಮಗಳನ್ನು ಆಡಿಸಿಕೊಂಡು ಅಲ್ಲೇ ಇರು. ಮುಲಾಮನ್ನೇ ನಿನ್ನ ಹತ್ತಿರ ಕಳಿಸುತ್ತೇನೆ! ಪ್ರತಿಸಲ ಕಾಸಿದಾಗ ಒಂದು ಪುಟ್ಟ ಡಬ್ಬಿ ಅಂಚೆಯಲ್ಲಿ ಬರುತ್ತದೆ. ಸಂಜೆ ಎಡಗೈಗೆ ಒಂದು ಬೊಟ್ಟು, ಬೆಳಿಗ್ಗೆ ನೋಡಿ ಒಂದೇ ಒಂದು ಸಾಲು ಬರೆದುಹಾಕು. ಈ ಕಾಗದದ ಜೊತೆಗೇ ಮೊದಲ ಡಬ್ಬಿಯನ್ನು ಪಾರ್ಸೆಲ್ ಮಾಡುತ್ತಿದ್ದೇನೆ. ಪುದೀನ ಇಲ್ಲ, ಹೆದರಬೇಡ. ನಮ್ಮ ಹಳೆಯದೇ, ಒಂದೆಲಗ ಮತ್ತು ಜೇನುಮೇಣ. ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ತೊಟ್ಟು ಬಿಟ್ಟು ನೋಡಿದೆ, ಬೆರಳಿಟ್ಟರೆ ಹದವಾಗಿ ಜಾರುತ್ತದೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. "ಬೆಣ್ಣೆ" ಎಂದು ನೀನು ಬರೆದ ಸಾಲನ್ನು ತೆಗೆದುಕೊಂಡು ಹೋಗಿ ಅಂಗಡಿಯಾತನ ಗಾಜಿಗೆ ಅಂಟಿಸಿ ಬರುತ್ತೇನೆ.

ಇನ್ನೇನು ಬರೆಯಲಿ? ಕಿಟಕಿಯ ಹತ್ತಿರದ ನಿನ್ನ ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಿಸಿಲ್ಲ. ಯಜಮಾನರು ಒಮ್ಮೆ ಅದರ ಮೇಲೆ ಕಾಲಿಟ್ಟು ಬಲ್ಬು ಬದಲಾಯಿಸಿದರು, ಅದಕ್ಕೆ ತಕ್ಕ ಮಾತು ಕೇಳಿದರು. ನೀನಿಲ್ಲದೆ ಕಾಸುವ ಕೆಲಸ ನಡೆಯುತ್ತದೆ, ಆದರೆ ಅದರಲ್ಲಿ ಹರಟೆಯಿಲ್ಲ. ಎಣ್ಣೆ ಸೋಸುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯುವವರಿಲ್ಲ, ಕುರ್ಚಿಗೆ ಕಟ್ಟಿ ಸೋಸುತ್ತೇನೆ. ನಿನ್ನ ಮೇಲೆ ನನಗೆ ಬಹಳ ಪ್ರೀತಿ ಕಣೇ. ಎದುರಿಗಿದ್ದಾಗ ಇದನ್ನು ಹೇಳಿದ್ದರೆ ನನಗೇನೋ ಜ್ವರ ಬಂದಿದೆ ಎಂದು ನೀನು ಹಣೆ ಮುಟ್ಟಿ ನೋಡುತ್ತಿದ್ದೆ, ಅದಕ್ಕೇ ಬರೆದೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳ ಎರಡೂ ಕೆನ್ನೆಗೆ ಮುತ್ತು. ಅವಳು ನಿನ್ನ ಚರ್ಮ ಪಡೆದು, ನನ್ನ ಬಾಯಿ ಪಡೆದು, ನೂರು ಕಾಲ ಬಾಳಲಿ. ನಿನಗೆ ಒಳ್ಳೆಯ ನಿದ್ದೆ, ಒಳ್ಳೆಯ ಹಸಿವು ಇರಲಿ.

ಇಂತು ನಿನ್ನ,
ಇನ್‌ಸ್ಪೆಕ್ಟರ್

ಮರೆತ ಮಾತು (ಗುರುವಾರ):

ಮೇಲಿನದೆಲ್ಲ ಭಾನುವಾರ ಬರೆದದ್ದು. ಸೋಮವಾರ ಪಾರ್ಸೆಲ್ ಕಟ್ಟಿ, ದಾರ ಬಿಗಿದು, ವಿಳಾಸ ಬರೆಯುತ್ತಿದ್ದೆ. ಅಷ್ಟರಲ್ಲಿ ನಿನ್ನ ಮಗಳು ಫೋನ್ ಮಾಡಿದಳು.

"ದೊಡ್ಡಮ್ಮ, ನಿಮ್ಮ ಮುಲಾಮಿಗೆ ಏನೇನು ಹಾಕ್ತಿದ್ರಿ ಹೇಳ್ತೀರಾ? ಚರ್ಮದ ಡಾಕ್ಟ್ರು ಕೇಳ್ತಿದಾರೆ" ಎಂದಳು. ಯಾರಿಗೇನಾಯಿತು ಎಂದೆ. "ಅಮ್ಮ ನಿಮಗೆ ಹೇಳೇ ಇಲ್ವಾ?" ಎಂದಳು.

ಅವಳನ್ನು ಬೈಯಬೇಡ. ತಾನು ಬಾಯಿಬಿಟ್ಟದ್ದನ್ನು ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು, ಆ ಮಾತನ್ನು ನಾನೀಗ ಮುರಿಯುತ್ತಿದ್ದೇನೆ. ನಿನ್ನ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಡೆದು ನೀರು ಸೋರುತ್ತಿದೆಯಂತೆ. ಅದು ಶುರುವಾದದ್ದು ಅಲ್ಲಿ ಅಲ್ಲ, ಇಲ್ಲಿ, ನನ್ನ ಕಿಟಕಿಯ ಪಕ್ಕದಲ್ಲಿ. ಒಬ್ಬರ ಚರ್ಮಕ್ಕೆ ಅದನ್ನೇ ಮತ್ತೆ ಮತ್ತೆ ಹಚ್ಚುತ್ತಿದ್ದರೆ, ಒಗ್ಗುತ್ತಿದ್ದದ್ದೇ ಒಂದು ದಿನ ಒಗ್ಗದೆ ಹೋಗಬಹುದು ಎಂದರಂತೆ ಡಾಕ್ಟರು. ಇನ್ನು ಒಂದೆಲಗ ಆಗದು, ಜೇನುಮೇಣವೂ ಆಗದು. ಎಡಗೈ ಹಚ್ಚಲಾಗದಷ್ಟು ಕೆಟ್ಟಾಗ ನೀನು ಕಾಲಿಗೆ ಹಚ್ಚಿ ನೋಡುತ್ತಿದ್ದೆಯಂತೆ. ಹಚ್ಚದೆ ಹೂಂ ಅನ್ನಬಾರದು, ಅದು ಬೇರೆಯವರ ಮಕ್ಕಳ ಮೈಗೆ ಹೋಗುವುದು ಎಂದೆಯಂತೆ. ಉರಿಯುತ್ತಿದ್ದರೂ ಬೆಣ್ಣೆ ಎಂದದ್ದು ಯಾಕಮ್ಮ ಎಂದು ಮಗಳು ಕೇಳಿದ್ದಕ್ಕೆ, "ಕೆಟ್ಟಿರೋದು ನನ್ನ ಚರ್ಮ, ಅವಳ ಮುಲಾಮಲ್ಲ. ಬೆಳಿಗ್ಗೆ ಅಷ್ಟು ಖುಷಿಯಾಗಿ ಓಡಿ ಬರ್ತಾಳೆ, ಹೇಗೆ ಹೇಳ್ಲಿ?" ಎಂದೆಯಂತೆ.

ನೀನು ಮೊಮ್ಮಗಳಿಗಾಗಿ ಹೋಗಲಿಲ್ಲ. ನನಗೆ "ಬೇಡ" ಎನ್ನಲಾರದೆ ಊರನ್ನೇ ಬಿಟ್ಟೆ. ಇದು ನನಗೆ ಎಷ್ಟು ನೋವು ಕೊಟ್ಟಿದೆಯೆಂದರೆ, ಮೂರು ದಿನ ಈ ಕಾಗದವನ್ನು ಮುಟ್ಟಲಾಗಲಿಲ್ಲ. ನಾನು ಯಾರ ಹತ್ತಿರ ಬೇಕಾದರೂ ಜಗಳವಾಡಿ ಗೆದ್ದೇನು, ಸರಿ. ನಿನ್ನ ಹತ್ತಿರ ಗೆಲ್ಲಬೇಕೆಂದು ನನಗೆ ಯಾವತ್ತೂ ಇರಲಿಲ್ಲ. ನನ್ನ ಮುಲಾಮಿಗಿಂತ ನಿನ್ನ ತೋಳು ನನಗೆ ದೊಡ್ಡದು ಎಂಬುದು ನಿನಗೇಕೆ ಗೊತ್ತಾಗಲಿಲ್ಲ ಗುಬ್ಬಿ?

ಪಾರ್ಸೆಲ್ ಬಿಚ್ಚಿ ಡಬ್ಬಿ ತೆಗೆದಿದ್ದೇನೆ, ಹುಡುಕಬೇಡ. ಅದರ ಬದಲು ತೆಳು ಹತ್ತಿಯ ಉದ್ದ ತೋಳಿನ ಅಂಗಿಯಿದೆ. ಹೊಸ ಬಕೆಟ್ಟಿನಲ್ಲಿ ಬರಿಯ ನೀರಿನಲ್ಲಿ ಒಗೆದು, ಅಡುಗೆಮನೆಯಿಂದ ದೂರ ಒಣಗಿಸಿ, ಮಡಿಸುವವರೆಗೆ ಎಲ್ಲ ಕೆಲಸವನ್ನೂ ಯಜಮಾನರಿಂದಲೇ ಮಾಡಿಸಿದೆ. ನನ್ನ ಕೈ ತಾಗಿಸಿಲ್ಲ. ಅಂಗಡಿಯಾತನಿಗೆ, ಆ ಸಣ್ಣಮ್ಮ ಇನ್ನು ಹಚ್ಚಿ ನೋಡುವುದಿಲ್ಲ, ಇನ್ನೆಂದೂ ಒಬ್ಬರ ಮೈಗೇ ಮತ್ತೆ ಮತ್ತೆ ಹಚ್ಚಿ ನೋಡುವುದೂ ಇಲ್ಲ, ಇಡುವುದಾದರೆ ಇಡು, ಇಲ್ಲವಾದರೆ ಬಿಡು ಎಂದು ಹೇಳಿ ಬಂದೆ. ನಿನ್ನ ಸ್ಟೂಲನ್ನು ಉಜ್ಜಿ ತೊಳೆದು ಮುಂಗೋಣೆಗೆ ತಂದಿಟ್ಟಿದ್ದೇನೆ, ಅಲ್ಲಿಗೆ ಒಲೆಯ ವಾಸನೆ ಬರುವುದಿಲ್ಲ. ಕೈ ವಾಸಿಯಾದ ಮೇಲೆ ಬಾ. ಸುಮ್ಮನೆ ಕೂರುವುದಕ್ಕೆ ಬಾ.

ಅದಕ್ಕೆ ಮೊದಲು, ಒಂದೇ ಒಂದು ಸಾಲು ಬರೆದುಹಾಕು ಎಂದು ಮೇಲೆ ಕೇಳಿದ್ದೆನಲ್ಲ, ಅದನ್ನು ಈಗಲೂ ಕೇಳುತ್ತೇನೆ. ಬೆಣ್ಣೆ ಎಂದು ಬರೆಯಬೇಡ. "ಉರೀತು ಕಣೇ" ಎಂದು ಬರೆ. ನಾನು ಒಂದು ಮಾತೂ ಎದುರಾಡದೆ ಓದುತ್ತೇನೆ.